‘ಆವಯ್ಯ ಎಲ್ಲಿ ಕುಂತ್ಕತಾನೆ?’

ಪೆನ್ಷನ್ ನಿಂತರೂ ಕಾರ್ಡು ರದ್ದಾದರೂ ಅರ್ಜಿ ತಿರಸ್ಕೃತವಾದರೂ ಕೌಂಟರಿನಲ್ಲಿ ಸಿಗುವ ಉತ್ತರ ಒಂದೇ: ‘ಸಿಸ್ಟಂ ತಗೋತಾ ಇಲ್ಲ.’ ಯಂತ್ರದ ಲೆಕ್ಕದಿಂದ ಮನುಷ್ಯನಿಗೆ ಪೆಟ್ಟು ಬಿದ್ದಾಗ ಹೊಣೆ ಹೊರಬೇಕಾದವರು ಯಾರು?

ಕಳೆದ ಮಳೆಗಾಲದ ಒಂದು ಸೋಮವಾರ. ಹೋಬಳಿ ಮಟ್ಟದ ಸರ್ಕಾರಿ ಕಚೇರಿಯೊಂದರಲ್ಲಿ ಆದಾಯ ಪ್ರಮಾಣಪತ್ರಕ್ಕಾಗಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಅಜ್ಜ, ಎಪ್ಪತ್ತೈದು ದಾಟಿರಬೇಕು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡು, ಅವುಗಳ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು. ವೃದ್ಧಾಪ್ಯ ವೇತನ ನಿಂತು ನಾಲ್ಕು ತಿಂಗಳಾಗಿತ್ತಂತೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ನಂಬರು ಹೊಡೆದಳು, ಕಾದಳು, ಮತ್ತೊಮ್ಮೆ ಹೊಡೆದಳು.

‘ಅಜ್ಜಾ, ಸಿಸ್ಟಂ ತಗೋತಾ ಇಲ್ಲ.’

‘ತಗೋತಾ ಇಲ್ಲ ಅಂದ್ರೆ? ಯಾರವ್ವ ತಗೋತಾ ಇಲ್ದೆ ಇರೋದು?’

‘ಸಿಸ್ಟಂ ಅಜ್ಜ.’

ಅಜ್ಜ ಒಂದು ಗಳಿಗೆ ಯೋಚಿಸಿದರು. ‘ಆವಯ್ಯ ಎಲ್ಲಿ ಕುಂತ್ಕತಾನೆ ಹೇಳು. ನಾನೇ ವೋಗಿ ಕೇಳ್ಕತೀನಿ.’

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅಜ್ಜನ ಲೆಕ್ಕದಲ್ಲಿ ತಪ್ಪೇನಿತ್ತು? ಅವರು ಕಂಡ ಸರ್ಕಾರಕ್ಕೆ ಯಾವತ್ತೂ ಒಂದು ಮುಖವಿತ್ತು, ಒಂದು ಕುರ್ಚಿಯಿತ್ತು. ಶಾನುಭೋಗರು ಜಗಲಿಯ ಮೇಲೆ ಕೂರುತ್ತಿದ್ದರು, ರೆವಿನ್ಯೂ ಇನ್‌ಸ್ಪೆಕ್ಟರು ಮಂಗಳವಾರ ಬರುತ್ತಿದ್ದರು, ತಹಶೀಲ್ದಾರರು ತಾಲ್ಲೂಕು ಕಚೇರಿಯ ಒಳಕೋಣೆಯಲ್ಲಿರುತ್ತಿದ್ದರು. ಅವರ ಕಾಲು ಹಿಡಿಯಬಹುದಿತ್ತು, ಕೈ ಬಿಸಿ ಮಾಡಬಹುದಿತ್ತು, ಮೇಲಿನವರಿಗೆ ಅರ್ಜಿ ಗುಜರಾಯಿಸಬಹುದಿತ್ತು, ಏನೂ ಆಗದಿದ್ದರೆ ಮನಸಾರೆ ಬೈದು ಬರಬಹುದಿತ್ತು. ನಾಲ್ಕು ತಿಂಗಳಿಂದ ತನ್ನ ದುಡ್ಡು ತಡೆದಿರುವ ಸಿಸ್ಟಂ ಎಂಬಾತನೂ ಎಲ್ಲೋ ಒಂದು ಕಡೆ ಕೂತಿರಲೇಬೇಕಲ್ಲ!

ಕರ್ತೃ ಮಾಯ, ಕರ್ಮ ಮಾತ್ರ ಬಾಕಿ

ಪ್ರೈಮರಿ ಶಾಲೆಯಲ್ಲಿ ಮೇಷ್ಟರು ಕರ್ತೃ, ಕರ್ಮ, ಕ್ರಿಯಾಪದ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದರು. ‘ರಾಮನು ಮರವನ್ನು ಕಡಿದನು.’ ಕಡಿದವನು ಯಾರು? ರಾಮ. ಅವನೇ ಕರ್ತೃ. ಈಗಿನ ಕಚೇರಿಗಳ ಭಾಷೆಯಲ್ಲಿ ಮರ ಕಡಿದುಹೋಗಿರುತ್ತದೆ, ರಾಮ ಎಲ್ಲೂ ಇರುವುದಿಲ್ಲ. ‘ರಿಜೆಕ್ಟ್ ಆಗಿದೆ.’ ‘ಹೋಲ್ಡ್ ಆಗಿದೆ.’ ‘ರದ್ದಾಗಿದೆ.’ ‘ಅನರ್ಹ ಅಂತ ತೋರಿಸ್ತಾ ಇದೆ.’ ಮಳೆ ಬಂದಂತೆ, ಮಾಗಿದ ಹಣ್ಣು ಉದುರಿದಂತೆ ಎಲ್ಲವೂ ತಂತಾನೇ ಆಗುತ್ತವೆ. ‘ಮಾಡು’ ಎಂಬ ಕ್ರಿಯಾಪದವನ್ನು ತೆಗೆದು ಅಲ್ಲಿ ‘ಆಗು’ ಎಂಬುದನ್ನು ಕೂರಿಸಿದರೆ ಸಾಕು, ಕರ್ತೃ ಮಾಯ. ಉಳಿಯುವುದು ಕರ್ಮ. ಅದು ವ್ಯಾಕರಣದ ಕರ್ಮವೋ ಹಣೆಬರಹದ ಕರ್ಮವೋ, ಕವರು ಹಿಡಿದು ನಿಂತವರಿಗೆ ಎರಡೂ ಒಂದೇ.

2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ಗದ್ದಲ ಎದ್ದದ್ದು ನೆನಪಿರಬಹುದು. ಕಾರ್ಡುಗಳು ‘ರದ್ದಾದವು’, ಎಪಿಎಲ್‌ಗೆ ‘ವರ್ಗವಾದವು’. ಕೂಗು ಜೋರಾದ ಮೇಲೆ, ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ಕಾರ್ಡು ಮರಳಿ ಕೊಡಲು ಸೂಚನೆ ಹೊರಟಿತು. ಎರಡು ವರ್ಷ ಮೊದಲು ಹರಿಯಾಣದ ರೋಹ್ತಕ್‌ನಲ್ಲಿ 102 ವರ್ಷದ ವೃದ್ಧರೊಬ್ಬರು ದಾಖಲೆಯಲ್ಲಿ ‘ಮೃತರಾಗಿದ್ದರು’, ಪಿಂಚಣಿ ನಿಂತುಹೋಗಿತ್ತು. ಅವರು ಮದುವೆ ಗಂಡಿನಂತೆ ಹಾರ ಹಾಕಿಕೊಂಡು, ರಥವೇರಿ, ಬ್ಯಾಂಡು ಬಾರಿಸಿಕೊಂಡು ಊರಲ್ಲಿ ದಿಬ್ಬಣ ಹೊರಟು ತಾನು ಬದುಕಿದ್ದೇನೆಂದು ಸಾರಬೇಕಾಯಿತು. ಸಾಯಿಸಿದವರು ಯಾರೆಂದು ಗೊತ್ತಿದ್ದರೆ ನೇರ ಅವರ ಮೇಜಿನ ಮುಂದೆ ಹೋಗಿ ನಿಲ್ಲುತ್ತಿದ್ದರೇನೋ.

ಇಪ್ಪತ್ತಾರರಿಂದ ಭಾಗಿಸು

ಈ ‘ಆಗಿದೆ’ ಒಂದು ದೇಶವನ್ನೇ ಎಷ್ಟು ದೂರ ಎಳೆದುಕೊಂಡು ಹೋಗಬಹುದು ಎಂಬುದಕ್ಕೆ ಆಸ್ಟ್ರೇಲಿಯಾದ ‘ರೋಬೋಡೆಟ್’ ಪ್ರಕರಣದಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ‘ರೋಬೋಡೆಟ್’ ಎಂದರೆ ಯಂತ್ರ ಹೊರಿಸಿದ ಸಾಲ. ಜನರೇ ಇಟ್ಟ ಅಡ್ಡಹೆಸರು.

ಅಲ್ಲಿ ನಿರುದ್ಯೋಗಿಗಳು, ವಿದ್ಯಾರ್ಥಿಗಳು, ಅಂಗವಿಕಲರಿಗೆ ಸರ್ಕಾರ ಹದಿನೈದು ದಿನಕ್ಕೊಮ್ಮೆ, ಸರಿಯಾಗಿ ಹೇಳಬೇಕೆಂದರೆ ಎರಡು ವಾರಕ್ಕೊಮ್ಮೆ, ಭತ್ಯೆ ಕೊಡುತ್ತದೆ. ಅದನ್ನು ವಿತರಿಸುವ ವ್ಯವಸ್ಥೆಯ ಹೆಸರು ಸೆಂಟರ್‌ಲಿಂಕ್. ಆ ಹದಿನೈದು ದಿನದಲ್ಲಿ ದುಡಿಮೆಯಿಂದ ಎಷ್ಟು ಬಂತೋ ನೋಡಿಕೊಂಡು ಭತ್ಯೆ ಕಡಿಮೆಯಾಗುತ್ತದೆ. ಯಾರಾದರೂ ಆದಾಯ ಮುಚ್ಚಿಟ್ಟರೇ ಎಂದು ತಿಳಿಯಲು ತೆರಿಗೆ ಇಲಾಖೆಯ ವಾರ್ಷಿಕ ಲೆಕ್ಕದ ಜೊತೆ ತಾಳೆ ನೋಡುವ ಪದ್ಧತಿ ಹಿಂದಿನಿಂದಲೂ ಇತ್ತು. ವ್ಯತ್ಯಾಸ ಕಂಡರೆ ಒಬ್ಬ ನೌಕರ ಕಡತ ತೆರೆಯುತ್ತಿದ್ದ, ಉದ್ಯೋಗದಾತರಿಗೆ ಬರೆದು ಸಂಬಳದ ಚೀಟಿ ತರಿಸುತ್ತಿದ್ದ, ಆಮೇಲೆ ತೀರ್ಮಾನಿಸುತ್ತಿದ್ದ. ಹೀಗೆ ವರ್ಷಕ್ಕೆ ಸುಮಾರು 20 ಸಾವಿರ ಪ್ರಕರಣಗಳು ಇತ್ಯರ್ಥವಾಗುತ್ತಿದ್ದವು. 2015ರಲ್ಲಿ ಪ್ರಯೋಗಕ್ಕಿಳಿದು 2016ರಲ್ಲಿ ಪೂರ್ತಿ ಜಾರಿಯಾದ ಹೊಸ ವ್ಯವಸ್ಥೆ ಆ ನೌಕರನನ್ನು ನಡುವಿನಿಂದ ಎಬ್ಬಿಸಿತು. ವಾರಕ್ಕೇ 20 ಸಾವಿರ ನೋಟಿಸುಗಳು ಹೊರಡತೊಡಗಿದವು.

ಯಂತ್ರ ಮಾಡುತ್ತಿದ್ದ ಲೆಕ್ಕ ಐದನೇ ಕ್ಲಾಸಿನದು. ವರ್ಷಕ್ಕೆ ಎರಡು ವಾರದ ಕಂತು 26. ಆದ್ದರಿಂದ ವರ್ಷದ ಆದಾಯವನ್ನು 26ರಿಂದ ಭಾಗಿಸು. ಅದೇ ಹದಿನೈದು ದಿನದ ಆದಾಯ ಎಂದುಕೋ. ಒಂದು ಉದಾಹರಣೆ ನೋಡೋಣ. ಒಬ್ಬ ಹುಡುಗಿಗೆ ವರ್ಷದ ಮೊದಲ ಆರು ತಿಂಗಳು ಕೆಲಸವಿಲ್ಲ, ಭತ್ಯೆಯ ಮೇಲೆ ಬದುಕಿದಳು. ನಂತರದ ಆರು ತಿಂಗಳು ಹದಿನೈದು ದಿನಕ್ಕೆ 2,000 ಡಾಲರ್ ಸಂಬಳ, ಭತ್ಯೆ ಬಿಟ್ಟಳು. ವರ್ಷದ ಒಟ್ಟು 26,000. ಇಪ್ಪತ್ತಾರರಿಂದ ಭಾಗಿಸಿದರೆ 1,000. ಯಂತ್ರದ ತೀರ್ಮಾನ: ‘ಭತ್ಯೆ ತೆಗೆದುಕೊಂಡ ಪ್ರತಿ ಹದಿನೈದು ದಿನವೂ ನಿನಗೆ 1,000 ಡಾಲರ್ ಬರುತ್ತಿತ್ತು, ನೀನು ಹೇಳಲಿಲ್ಲ. ಹೆಚ್ಚಿಗೆ ಪಡೆದದ್ದನ್ನು ವಾಪಸು ಕಟ್ಟು.’ ಅಡಿಕೆ ಕೊಯ್ಲಿನ ಮೂರು ತಿಂಗಳು ಕೈತುಂಬ ದುಡಿಯುವ ಕೊನೆಗಾರನ ಸಂಪಾದನೆಯನ್ನು ಹನ್ನೆರಡು ತಿಂಗಳಿಗೆ ಹಂಚಿ, ‘ಆಷಾಢದಲ್ಲೂ ನಿನ್ನ ಜೇಬಲ್ಲಿ ಕಾಸಿತ್ತಲ್ಲ’ ಎಂದ ಹಾಗೆ!

ಸಾಲ ಇಲ್ಲವೆಂದು ತೋರಿಸುವ ಹೊರೆ ಜನರ ತಲೆಗೇ ಬಿತ್ತು. ಐದಾರು ವರ್ಷ ಹಿಂದಿನ ಸಂಬಳದ ಚೀಟಿ ಹುಡುಕಿ ತನ್ನಿ ಎಂದರು. ಎಷ್ಟೋ ಅಂಗಡಿ, ಹೋಟೆಲುಗಳು ಅಷ್ಟರಲ್ಲಿ ಬಾಗಿಲು ಹಾಕಿದ್ದವು. ಉತ್ತರಿಸದಿದ್ದರೆ ಸರಾಸರಿಯೇ ಅಂತಿಮ. ಅದರ ಮೇಲೆ ಹಲವರಿಗೆ ಶೇ 10ರ ದಂಡ, ಬಾಕಿ ವಸೂಲಿಗೆ ಖಾಸಗಿ ಏಜೆಂಟರು. ವ್ಯವಸ್ಥೆಯನ್ನು ಪರಿಶೀಲಿಸಿದ ಅಲ್ಲಿನ ಒಂಬುಡ್ಸ್‌ಮನ್ 2017ರಲ್ಲಿ ಒಂದು ಸಣ್ಣ ಸಂಗತಿಯನ್ನು ಗುರುತಿಸಿದ್ದರು: ಮೊದಮೊದಲ ನೋಟಿಸುಗಳಲ್ಲಿ, ಈ ಲೆಕ್ಕದ ಬಗ್ಗೆ ವಿಚಾರಿಸಲೆಂದೇ ಇದ್ದ ಸಹಾಯವಾಣಿಯ ನಂಬರನ್ನೇ ಅಚ್ಚು ಹಾಕಿರಲಿಲ್ಲ. ಆವಯ್ಯ ಎಲ್ಲಿ ಕೂರುತ್ತಾನೆ ಎಂದು ಹೇಳದಿರುವುದಕ್ಕೆ ಇದಕ್ಕಿಂತ ಸರಳ ಉಪಾಯ ಇಲ್ಲ.

ಮುಂದಿನದು ಈಗ ಇತಿಹಾಸ. 2019ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನ ಒಬ್ಬ ಮಹಿಳೆ ಹೂಡಿದ್ದ ಮೊಕದ್ದಮೆಯಲ್ಲಿ, ಬರೀ ಸರಾಸರಿ ಲೆಕ್ಕದ ಮೇಲೆ ಹೊರಿಸಿದ ಆಕೆಯ ಸಾಲ ಕಾನೂನುಬಾಹಿರ ಎಂದು ಸರ್ಕಾರವೇ ಫೆಡರಲ್ ಕೋರ್ಟಿನಲ್ಲಿ ಒಪ್ಪಿಕೊಂಡಿತು. 2021ರ ಜೂನ್‌ನಲ್ಲಿ ಸಾಮೂಹಿಕ ದಾವೆಯ ರಾಜಿಗೆ ಒಪ್ಪಿಗೆ ಕೊಟ್ಟ ನ್ಯಾಯಮೂರ್ತಿ ಬರ್ನಾರ್ಡ್ ಮರ್ಫಿ ಲೆಕ್ಕ ಹಾಕಿದ್ದು ಹೀಗೆ: ಸುಮಾರು 4.33 ಲಕ್ಷ ಜನರ ಮೇಲೆ ಹೊರಿಸಿದ ಸುಳ್ಳು ಸಾಲ 176 ಕೋಟಿ ಡಾಲರ್‌ಗೂ ಹೆಚ್ಚು. ಅದರಲ್ಲಿ ವಸೂಲೇ ಮಾಡಿದ್ದು ಸುಮಾರು 75 ಕೋಟಿ. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 47.5 ಕೋಟಿ ಡಾಲರ್ ಪರಿಹಾರಕ್ಕೆ ಸರ್ಕಾರ ಒಪ್ಪಿತು. ದುಡ್ಡಿನಲ್ಲಿ ತೀರದ ಲೆಕ್ಕವೂ ಇತ್ತು. ನೋಟಿಸಿನ ಕಾಟದ ನಡುವೆ ಜೀವ ಕಳೆದುಕೊಂಡ ಯುವಕರ ತಾಯಂದಿರು ವಿಚಾರಣಾ ಆಯೋಗದ ಮುಂದೆ ಕೂತು ಸಾಕ್ಷಿ ಹೇಳಿದರು.

ಭಾಗಾಕಾರ ಸರಿಯಾಗಿಯೇ ಇತ್ತು

ಈ ಭಾಗಾಕಾರದಲ್ಲಿ ಯಂತ್ರ ತಪ್ಪಲಿಲ್ಲ ಎಂಬುದನ್ನು ಗಮನಿಸಿ. 26,000ವನ್ನು 26ರಿಂದ ಭಾಗಿಸಿದರೆ ಸಾವಿರವೇ. ಈ ಲೆಕ್ಕಕ್ಕೆ ವೈರಸ್ಸೋ ಸರ್ವರ್ ಬಿದ್ದದ್ದೋ ಕಾರಣವಲ್ಲ. ಹೇಳಿದ್ದನ್ನು ಹೇಳಿದಂತೆಯೇ ಅದು ಮಾಡಿತು. ‘ತಾಂತ್ರಿಕ ದೋಷ’ ಎಂಬ, ನಮ್ಮಲ್ಲೂ ಚೆನ್ನಾಗಿ ಸವೆದ ಸಬೂಬು ಅಲ್ಲಿ ನಡೆಯುವಂತೆಯೇ ಇರಲಿಲ್ಲ. ಹಾಗಾದರೆ ಹೇಳಿದವರು ಯಾರು?

ಅದನ್ನು ಹುಡುಕಲೆಂದೇ 2022ರಲ್ಲಿ ರಾಯಲ್ ಕಮಿಷನ್ ಎಂಬ ಆ ವಿಚಾರಣಾ ಆಯೋಗ ನೇಮಕವಾಯಿತು. ಕ್ವೀನ್ಸ್‌ಲ್ಯಾಂಡ್‌ನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕ್ಯಾಥರೀನ್ ಹೋಮ್ಸ್ ಅದರ ಮುಖ್ಯಸ್ಥೆ. ಅವರು ಕಂಪ್ಯೂಟರನ್ನು ಕಟಕಟೆಗೆ ಕರೆಯಲಿಲ್ಲ. ಇಮೇಲುಗಳನ್ನು ತರಿಸಿಕೊಂಡರು, ಟಿಪ್ಪಣಿಗಳನ್ನು ಓದಿದರು, ಸಹಿ ಹಾಕಿದವರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿದರು. ಕರ್ತೃಗಳು ಸಾಲುಸಾಲಾಗಿ ಹೊರಬಂದರು.

ವಾರ್ಷಿಕ ಆದಾಯದ ಸರಾಸರಿ ಕಾನೂನಿಗೆ ಹೊಂದುವುದಿಲ್ಲ ಎಂದು ಭತ್ಯೆಯ ಹೊಣೆ ಹೊತ್ತ ಇಲಾಖೆಯ ವಕೀಲರೇ 2014ರ ಡಿಸೆಂಬರ್‌ನಲ್ಲಿ, ಅಂದರೆ ಯೋಜನೆ ಜಾರಿಯಾಗುವ ಮೊದಲೇ ಬರೆದಿದ್ದರು. ಆ ಮಾತು ಸಂಪುಟದ ಮುಂದೆ ಬರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯ ಸದಸ್ಯರಾಗಿದ್ದ ಟೆರ್ರಿ ಕಾರ್ನಿ ಇಂಥ ಸಾಲಗಳಿಗೆ ಕಾನೂನಿನ ಬಲವಿಲ್ಲ ಎಂದು ಆದೇಶ ಕೊಟ್ಟರು. ಸರ್ಕಾರ ಅದನ್ನು ಪ್ರಶ್ನಿಸಲೂ ಇಲ್ಲ, ಯೋಜನೆಯನ್ನು ನಿಲ್ಲಿಸಲೂ ಇಲ್ಲ. ಅದೇ ವರ್ಷ ಕಾರ್ನಿಯವರ ಅವಧಿ ಮುಗಿದಾಗ ಮರುನೇಮಕವಾಗಲಿಲ್ಲ. 2018ರಲ್ಲಿ ಹೊರಗಿನ ವಕೀಲರ ಸಂಸ್ಥೆಯೊಂದು ಕೊಟ್ಟ ಪ್ರತಿಕೂಲ ಅಭಿಪ್ರಾಯ ಕಡೆಯವರೆಗೂ ಕರಡಾಗಿಯೇ ಉಳಿಯಿತು. ಆಗಿನ ಸಚಿವರೊಬ್ಬರಂತೂ, ತನಗೆ ವೈಯಕ್ತಿಕವಾಗಿ ಅನುಮಾನವಿದ್ದರೂ ಸಂಪುಟದ ಒಗ್ಗಟ್ಟಿಗಾಗಿ ಯೋಜನೆಯನ್ನು ಹೊರಗೆ ಸಮರ್ಥಿಸಿಕೊಂಡೆ ಎಂದು ಆಯೋಗಕ್ಕೆ ಹೇಳಿದರು. ಹೀಗಾಗುವುದು ಸರಿಯಲ್ಲ ಎಂದು ತಮ್ಮ ಮೇಲಿನವರಿಗೆ ಮತ್ತೆ ಮತ್ತೆ ಬರೆದವರೂ ಒಳಗಿದ್ದರು. ಅವರು ದೊಡ್ಡ ಹುದ್ದೆಯವರಲ್ಲ, ದಿನಾ ಫೋನೆತ್ತಿ ಜನರ ಅಳು ಕೇಳುತ್ತಿದ್ದ ನೌಕರರು.

2023ರ ಜುಲೈ 7ರಂದು ಹೊರಬಂದ ವರದಿ 57 ಶಿಫಾರಸುಗಳನ್ನು ಮಾಡಿತು. ಕೆಲವರ ಮೇಲೆ ಮುಂದಿನ ಕ್ರಮಕ್ಕೆ ಸೂಚಿಸಿದ ಅಧ್ಯಾಯವೊಂದನ್ನು ಮುಚ್ಚಿದ ಲಕೋಟೆಯಲ್ಲಿಟ್ಟಿತು. ಕೆಟ್ಟ ಯಂತ್ರವನ್ನು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ಮನುಷ್ಯರ ಸರಪಣಿ.

ಕಡೆಯಲ್ಲಿ ಕೂತವರ ತಲೆಗೆ

ಹಾಗೆಂದು ಯಂತ್ರದ ಪಕ್ಕ ಒಬ್ಬ ಮನುಷ್ಯನನ್ನು ಕೂರಿಸಿಬಿಟ್ಟರೆ ಹೊಣೆಯ ಪ್ರಶ್ನೆ ಬಗೆಹರಿಯಿತೇ? ಅಮೆರಿಕದ ಅರಿಜೋನಾದಲ್ಲಿ ನಡೆದದ್ದನ್ನು ನೋಡಿ.

2018ರ ಮಾರ್ಚ್ 18ರ ರಾತ್ರಿ ಟೆಂಪಿ ಎಂಬ ಊರಿನಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಉಬರ್ ಕಂಪನಿ ಪರೀಕ್ಷೆಗೆ ಬಿಟ್ಟಿದ್ದ ಸ್ವಯಂಚಾಲಿತ ಕಾರು ಡಿಕ್ಕಿ ಹೊಡೆಯಿತು, ಆಕೆ ತೀರಿಕೊಂಡರು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯ ಪ್ರಕಾರ ಕಾರು ಡಿಕ್ಕಿಗೆ 5.6 ಸೆಕೆಂಡು ಮೊದಲೇ ಎದುರಿಗಿದ್ದುದನ್ನು ಕಂಡಿತ್ತು. ಆದರೆ ಒಮ್ಮೆ ವಾಹನ, ಒಮ್ಮೆ ಬೇರೇನೋ, ಒಮ್ಮೆ ಸೈಕಲ್ ಎಂದು ಎಣಿಸುತ್ತ ಹೊತ್ತು ಕಳೆಯಿತು. ಜೀಬ್ರಾ ಪಟ್ಟೆ ಇಲ್ಲದ ಕಡೆ ಜನ ರಸ್ತೆ ದಾಟಬಹುದೆಂಬ ತಿಳಿವಳಿಕೆಯನ್ನು ಅದಕ್ಕೆ ಯಾರೂ ತುಂಬಿರಲಿಲ್ಲ. ವೋಲ್ವೊ ಕಾರಿಗೆ ಕಾರ್ಖಾನೆಯಲ್ಲೇ ಬಂದಿದ್ದ ತುರ್ತು ಬ್ರೇಕ್ ವ್ಯವಸ್ಥೆಯನ್ನು ಕಂಪ್ಯೂಟರ್ ಓಡಿಸುವಾಗ ಆರಿಸಿಡುತ್ತಿದ್ದರು. ಮೊದಲು ಕಾರಿನಲ್ಲಿ ಇಬ್ಬರು ಮೇಲ್ವಿಚಾರಕರು ಇರುತ್ತಿದ್ದರು. ಕಂಪನಿ ಅದನ್ನು ಒಬ್ಬರಿಗೆ ಇಳಿಸಿತ್ತು. ಆ ಒಬ್ಬರ ಗಮನ ಆ ರಾತ್ರಿ ಮೊಬೈಲಿನ ಮೇಲಿತ್ತು.

ತಪ್ಪು ಆ ಮೇಲ್ವಿಚಾರಕಿಯದೂ ಹೌದು. ಆದರೆ ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಇಲ್ಲವೆಂದು 2019ರಲ್ಲೇ ಸರ್ಕಾರಿ ವಕೀಲರು ಹೇಳಿಬಿಟ್ಟರು. 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ ಶಿಕ್ಷೆ ಪಡೆದದ್ದು ಸ್ಟಿಯರಿಂಗ್ ಹಿಂದೆ ಕೂತಿದ್ದ ಆ ಗಂಟೆಗೂಲಿಯ ಮೇಲ್ವಿಚಾರಕಿ ಒಬ್ಬರೇ. ಸಂಶೋಧಕಿ ಮೆಡಲೀನ್ ಕ್ಲೇರ್ ಎಲಿಶ್ ಇಂಥದ್ದಕ್ಕೆ ‘ಮಾರಲ್ ಕ್ರಂಪಲ್ ಝೋನ್’ ಎಂಬ ಹೆಸರು ಕೊಟ್ಟಿದ್ದಾರೆ. ಒಳಗಿರುವವರ ಜೀವ ಉಳಿಯಲೆಂದು ಕಾರಿನ ಮುಂಭಾಗವನ್ನು ಬೇಕೆಂದೇ ಮೆತ್ತಗೆ, ನಜ್ಜುಗುಜ್ಜಾಗುವಂತೆ ಮಾಡಿರುತ್ತಾರಲ್ಲ, ಹಾಗೆ ವ್ಯವಸ್ಥೆಯ ಮರ್ಯಾದೆ ಉಳಿಯಲೆಂದು ನಜ್ಜುಗುಜ್ಜಾಗುವ ಜಾಗದಲ್ಲಿ ಒಬ್ಬ ಮನುಷ್ಯನನ್ನು ಕೂರಿಸುವುದು. ನಮ್ಮ ಹಿರಿಯರು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದದ್ದೂ ಇದನ್ನೇ.

ಇದಕ್ಕೆ ತದ್ವಿರುದ್ಧವಾದ ಪುಟ್ಟ ತೀರ್ಪೊಂದು ಕೆನಡಾದಿಂದ ಬಂದಿದೆ. ಅಜ್ಜಿ ತೀರಿಕೊಂಡಾಗ ಊರಿಗೆ ಹೊರಟವರೊಬ್ಬರಿಗೆ ಏರ್ ಕೆನಡಾದ ಚಾಟ್‌ಬಾಟ್, ಈಗ ಪೂರ್ತಿ ದರಕ್ಕೆ ಟಿಕೆಟ್ ಕೊಳ್ಳಿ, ರಿಯಾಯಿತಿಗೆ ಆಮೇಲೆ ಅರ್ಜಿ ಹಾಕಬಹುದು ಎಂದಿತು. ಆಮೇಲೆ ಕಂಪನಿ ರಿಯಾಯಿತಿ ಕೊಡಲೊಪ್ಪಲಿಲ್ಲ. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂದು ವಾದಿಸಿತು. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಆ ವಾದವನ್ನು ಒಪ್ಪಲಿಲ್ಲ: ನಿಮ್ಮ ವೆಬ್‌ಸೈಟಿನಲ್ಲಿ ಕೂತು ಮಾತಾಡಿದ್ದು ನಿಮ್ಮದೇ ಮಾತು. ಪರಿಹಾರ 650 ಡಾಲರಿನಷ್ಟು ಮಾತ್ರ. ಆದರೆ ವಾಕ್ಯಕ್ಕೆ ಕರ್ತೃ ಸಿಕ್ಕಿತು.

ಯಾರ ಹೆಬ್ಬೆಟ್ಟು?

ಇದನ್ನೆಲ್ಲ ಓದಿ ಕಂಪ್ಯೂಟರೇ ಬೇಡ, ಶಾನುಭೋಗರ ಜಗಲಿಯೇ ವಾಸಿ ಎಂದು ಯಾರೂ ಹೇಳಲಾರರು. ಆ ಜಗಲಿಯಲ್ಲಿ ಪಹಣಿಗಾಗಿ ಕಾದು ಕಾದು ಸೋತ ರೈತರ ಮೊಮ್ಮಕ್ಕಳು ನಾವು. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿದ ‘ಭೂಮಿ’ ಯೋಜನೆ ಹೊಸ ಶತಮಾನದ ಆರಂಭದಲ್ಲಿ ಕರ್ನಾಟಕಕ್ಕೆ ಹೆಸರು ತಂದಿತು. 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲಿ ಪಹಣಿ ಕೈಗೆ ಬರುತ್ತಿತ್ತು.

ಆ ‘ಭೂಮಿ’ಯ ಒಂದು ಅಂಶ ಈಗ ಮರೆತುಹೋಗಿದೆ. ಪಹಣಿಯಲ್ಲಿ ಬದಲಾವಣೆ ಮಾಡುವ ಸಿಬ್ಬಂದಿ ಕಂಪ್ಯೂಟರಿನೊಳಗೆ ಹೋಗಲು ಪಾಸ್‌ವರ್ಡ್ ಸಾಕಾಗುತ್ತಿರಲಿಲ್ಲ, ಬೆರಳಚ್ಚು ಕೊಡಬೇಕಿತ್ತು. ಪಾಸ್‌ವರ್ಡ್ ಕದಿಯಬಹುದು, ಬೆರಳು ಕದಿಯಲಾಗದು. ನಾಳೆ ತಕರಾರು ಬಂದರೆ ‘ನಾನು ಮಾಡಿಲ್ಲ’ ಎಂದು ಯಾರೂ ಜಾರಿಕೊಳ್ಳುವಂತಿಲ್ಲ. ಅಂದರೆ ಅಂದು ಯಂತ್ರದ ಮುಂದೆ ಹೆಬ್ಬೆಟ್ಟು ಒತ್ತಿದ್ದು ಸರ್ಕಾರ. ಇವತ್ತು ರೇಷನ್ ಅಂಗಡಿಯಿಂದ ಬ್ಯಾಂಕಿನವರೆಗೆ ಹೆಬ್ಬೆಟ್ಟು ಒತ್ತುವುದು ಅಜ್ಜ. ಗಾರೆ ಕಲಸಿ, ಕಳೆ ಕಿತ್ತು ಗೆರೆ ಸವೆದ ಬೆರಳನ್ನು ತಲೆಗೂದಲಿಗೆ ಉಜ್ಜಿ, ಪಂಚೆಗೆ ಒರೆಸಿ ಮತ್ತೆ ಮತ್ತೆ ಒತ್ತುತ್ತಾರೆ. ‘ನಾನು ನಾನೇ’ ಎಂದು ದಿನಬೆಳಗಾದರೆ ರುಜುವಾತು ಮಾಡಬೇಕಾದವರು ಅವರು. ಅತ್ತ ಕಡೆ ಕೂತು ‘ಇಲ್ಲ’ ಎಂದವರಿಗೆ ಗುರುತೇ ಇಲ್ಲ.

ಹೊಣೆಗೆ ಹೆಸರು ಬರೆಯುವುದು ನಮಗೆ ಹೊಸದೇನಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ ಪ್ರತಿ ಕಚೇರಿಯ ಗೋಡೆಯ ಮೇಲೆ ಒಂದು ಫಲಕ ಬಂತು: ಸಾರ್ವಜನಿಕ ಮಾಹಿತಿ ಅಧಿಕಾರಿ ಇವರು, ಮೇಲ್ಮನವಿ ಪ್ರಾಧಿಕಾರ ಇವರು. ಸಕಾರಣವಿಲ್ಲದೆ ತಡ ಮಾಡಿದರೆ ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000 ರೂಪಾಯಿ ದಂಡ. ಅದು ಇಲಾಖೆಯ ಮೇಲಲ್ಲ, ಆ ಅಧಿಕಾರಿಯ ಮೇಲೆ. 2011ರ ನಮ್ಮ ‘ಸಕಾಲ’ ಕಾಯ್ದೆಯಲ್ಲೂ ಅರ್ಜಿಗೊಂದು ಸಂಖ್ಯೆ, ಸೇವೆಗೊಂದು ಗಡುವು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರರಿಗೆ ಪರಿಹಾರ, ತಡ ಮಾಡಿದವರ ಜೇಬಿನಿಂದ. ಮೊತ್ತ ಚಿಲ್ಲರೆ. ಆದರೆ ಕಾಗದದ ಮೇಲೆ ಒಬ್ಬರ ಹೆಸರಿದೆ ಎಂಬುದಕ್ಕೇ ಕಡತ ಸರಿಯುತ್ತದೆ ಎಂಬುದು ಕಚೇರಿ ಅಲೆದ ಎಲ್ಲರಿಗೂ ಗೊತ್ತು.

ಯಂತ್ರ ತೀರ್ಮಾನಿಸುವ ಕಡೆಗೆ ಮಾತ್ರ ಈ ಫಲಕ ಇನ್ನೂ ಬಂದಿಲ್ಲ. ಬರೀ ಯಂತ್ರವೇ ಕೊಟ್ಟ ಮಹತ್ವದ ತೀರ್ಮಾನಕ್ಕೆ ಒಳಗಾಗದಿರುವ ಹಕ್ಕನ್ನು ಯುರೋಪಿನ ದತ್ತಾಂಶ ಕಾನೂನು 2018ರಿಂದ ಜನರಿಗೆ ಕೊಟ್ಟಿದೆ. ಅದಕ್ಕೂ ವಿನಾಯಿತಿಗಳಿವೆ, ಆ ಮಾತು ಬೇರೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯ ಬಗ್ಗೆ ತೀರ್ಮಾನ ಕೈಗೊಳ್ಳಲು ಬಳಸುವ ಮಾಹಿತಿ ಸರಿಯಾಗಿ, ಪೂರ್ಣವಾಗಿ ಇರಬೇಕು ಎನ್ನುತ್ತದೆ. ‘ಯಾಕೆ ಹೀಗೆ ತೀರ್ಮಾನಿಸಿದಿರಿ, ಮನುಷ್ಯರೊಬ್ಬರು ಇನ್ನೊಮ್ಮೆ ನೋಡಿ’ ಎಂದು ಕೇಳುವ ಹಕ್ಕು ಅದರಲ್ಲಿಲ್ಲ.

ದೊಡ್ಡ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಯಂತ್ರದಿಂದ ಹೊರಬರುವ ಪ್ರತಿ ‘ಇಲ್ಲ’ದ ಚೀಟಿಯ ಕೆಳಗೆ ಮೂರು ಸಾಲು ಅಚ್ಚಾದರೆ ಸಾಕು. ಯಾವ ನಿಯಮದ ಪ್ರಕಾರ ಇಲ್ಲ ಎಂದಿರಿ? ನನ್ನ ಬಗೆಗಿನ ಯಾವ ಮಾಹಿತಿ ನೋಡಿ ಹಾಗೆಂದಿರಿ? ಆ ನಿಯಮಕ್ಕೆ ಸಹಿ ಹಾಕಿದವರು ಯಾರು, ಎಲ್ಲಿ ಕೂರುತ್ತಾರೆ? ಮೂರನೆಯ ಸಾಲಿನಲ್ಲಿ ಕಂಪ್ಯೂಟರ್ ಕುಟ್ಟುವ ಹುಡುಗಿಯ ಹೆಸರಿರಬಾರದು. ನಿಯಮ ಬದಲಿಸುವ ಅಧಿಕಾರ ಇರುವವರ ಹೆಸರಿರಬೇಕು. ಯೋಜನೆ ಉದ್ಘಾಟನೆಯಾದಾಗ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವ ಹೆಸರುಗಳಿವೆಯಲ್ಲ, ಅವಕ್ಕೆ ಇಲ್ಲೂ ಸ್ವಲ್ಪ ಜಾಗ ಕೊಡಬಹುದು.

ಆವತ್ತಿನ ಸೋಮವಾರದ ಕಥೆ ಅರ್ಧಕ್ಕೇ ನಿಂತಿದೆ. ಅಜ್ಜ ಸಾಲು ಬಿಟ್ಟು ಕದಲಲಿಲ್ಲ. ಹಿಂದಿದ್ದವರು ಗೊಣಗತೊಡಗಿದರು. ಹೊರಗುತ್ತಿಗೆಯಲ್ಲಿ ಕೆಲಸ ಮಾಡುವ ಆ ಹುಡುಗಿ ಇನ್ನೊಂದು ಸಲ ಪರದೆ ನೋಡಿದಳು. ಆಮೇಲೆ ಹಳೆಯ ಅರ್ಜಿಯೊಂದರ ಹಿಂಬದಿಯನ್ನು ಹರಿದು ಅದರ ಮೇಲೆ ಬರೆದಳು: ‘ಇವರ ವೇತನ ಯಾಕೆ ನಿಂತಿದೆ ಎಂದು ಇಲ್ಲಿ ತೋರಿಸುತ್ತಿಲ್ಲ. ದಯವಿಟ್ಟು ತಾಲ್ಲೂಕು ಕಚೇರಿಯಲ್ಲಿ ನೋಡಿಕೊಡಿ.’ ಕೆಳಗೆ ಸಹಿ, ಮೊಬೈಲ್ ನಂಬರು.

ಅಜ್ಜ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಓದಲು ಬಾರದು.

‘ಇದ್ರಾಗೆ ಆವಯ್ಯನ ಹೆಸ್ರೈತಾ ಅವ್ವಾ?’

‘ಇಲ್ಲ ಅಜ್ಜ. ನಂದು ಬರ್ದಿದ್ದೀನಿ.’